ಬಾಂಬರಿನಲ್ಲಿ ಕಾಡಿಗೆ ಔಷಧಿ ಹೊಡೆದವರು

ಕಳೆದ ತಿಂಗಳು ಡೆಟ್ರಾಯಿಟ್ ಬಳಿ ನಾದಿನಿಯ ಮನೆಗೆ ಹೋದಾಗ, ಅಲ್ಲಿಂದ ಇಪ್ಪತ್ತು ಮೈಲಿ ದೂರದ ಒಂದು ಹ್ಯಾಂಗರಿನಲ್ಲಿ ಹಳೆಯ ವಿಮಾನಗಳನ್ನು ನಿಲ್ಲಿಸಿದ್ದಾರೆಂದು ಕೇಳಿ ನಾನೂ ಮಗಳೂ ನೋಡಲು ಹೋದೆವು. ಒಳಗೆ ಕಾಲಿಟ್ಟ ಕೂಡಲೇ ಹಳೆಯ ಎಂಜಿನ್ ಎಣ್ಣೆ, ಸೀಮೆಎಣ್ಣೆ, ಸೆಕೆಗೆ ಬೆವೆತ ಕ್ಯಾನ್ವಾಸ್ ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ನಾನು ಅಲ್ಲೇ ನಿಂತುಬಿಟ್ಟೆ. ನಾವಿರುವ ಪ್ಲೇನ್‌ಫೀಲ್ಡ್‌ನಲ್ಲಿ ನಮ್ಮ ಪಕ್ಕದ ಮನೆಯ ಗರಾಜಿನಲ್ಲಿ ಇದೇ ವಾಸನೆ ಇರುತ್ತಿತ್ತು...

ಆ ಮನೆಯಲ್ಲಿ ಎಂಬತ್ತು ಸಮೀಪಿಸಿದ ಅಮೆರಿಕನ್ ಹಿರಿಯರೊಬ್ಬರು ಒಂಟಿಯಾಗಿದ್ದರು. ಹೆಂಡತಿ ತೀರಿಕೊಂಡ ಮೇಲೆ, ಹಾಫ್‌ಮನ್ ಎಸ್ಟೇಟ್ಸ್ ಊರಿನಲ್ಲಿದ್ದ ಮಗಳಿಗೆ ಹತ್ತಿರವಾಗಲೆಂದು ಮಿಷಿಗನ್‌ನಿಂದ ಬಂದವರು. ನಾನು ನಮ್ಮ ಅಭ್ಯಾಸದಂತೆ ಅಂಕಲ್ ಎಂದು ಕರೆದಾಗ ನಕ್ಕು, ‘ನನಗೆ ಒಡಹುಟ್ಟಿದವರೇ ಇಲ್ಲ. ಹಾಗೆ ಕರೆಸಿಕೊಳ್ಳೋದು ಇದೇ ಮೊದಲು’ ಎಂದಿದ್ದರು. ನನಗಾಗ ಕೆಲಸ ಮಾಡಲು ಪರ್ಮಿಟ್ ಇರಲಿಲ್ಲ, ಡ್ರೈವ್ ಮಾಡಲೂ ಬರುತ್ತಿರಲಿಲ್ಲ. ಮನೆಯವರು ಇಟಾಸ್ಕಾದ ಆಫೀಸಿಗೆ ಹೋದರೆ ಬರುವುದು ಸಂಜೆಯೇ. ನನಗೆ ಕಾರು ಕಲಿಸಿದವರು ಈ ಅಂಕಲ್. ನಾನು ಎಷ್ಟು ತಪ್ಪು ಮಾಡಿದರೂ ಒಂದು ದಿನವೂ ದನಿ ಏರಿಸಿದವರಲ್ಲ.

ಅವರು ಪೈಲಟ್ ಆಗಿದ್ದವರೆಂದು ಗೊತ್ತಾದದ್ದು ಹೀಗೆ ಕಾರಿನಲ್ಲಿ ಕೂತು ಮಾತಾಡುವಾಗಲೇ. ಅರವತ್ತರ ದಶಕದಲ್ಲಿ, ಈ ದೇಶದ ಈಶಾನ್ಯದ ಕಾಡುಗಳಲ್ಲಿ, ಮಹಾಯುದ್ಧದಲ್ಲಿ ಬಳಸಿ ಬಿಟ್ಟ ನೌಕಾಪಡೆಯ ಬಾಂಬರ್ ಹಾರಿಸುತ್ತಿದ್ದರಂತೆ. ಹಡಗು ಮುಳುಗಿಸುವ ಟಾರ್ಪಿಡೊ ಇರುತ್ತಿದ್ದ ಅದರ ಹೊಟ್ಟೆಯೊಳಗೆ ಔಷಧಿಯ ಟ್ಯಾಂಕ್ ಕೂರಿಸಿದ್ದರು. ಸೂಜಿಯೆಲೆಯ ಫರ್ ಮರಗಳ ಚಿಗುರು ತಿನ್ನುವ ಒಂದು ಹುಳು ಇಡೀ ಬೆಟ್ಟಗಳನ್ನೇ ಕೆಂಪಗೆ ಒಣಗಿಸುತ್ತಿತ್ತು. ಗಾಳಿ ಏಳುವ ಮೊದಲೇ, ಬೆಳಕು ಹರಿಯುವ ಹೊತ್ತಿಗೆ, ಮೂರು ವಿಮಾನಗಳು ಪಕ್ಕಪಕ್ಕದಲ್ಲಿ ಮರದ ತುದಿಗೆ ತಾಗುವಷ್ಟು ಕೆಳಗೆ ಹಾರಬೇಕಿತ್ತು. ‘ಆನೆ ಮೇಲೆ ಕೂತು ಹಗ್ಗದ ಮೇಲೆ ನಡೆದ ಹಾಗೆ’ ಎನ್ನುತ್ತಿದ್ದರು. ಆ ವಿಮಾನದ ಮಾತು ಬಂದರೆ ಮುಖವೇ ಬೇರೆಯಾಗುತ್ತಿತ್ತು. ಅದನ್ನು ಏಕೆ ಬಿಟ್ಟಿರಿ ಎಂದು ಕೇಳಿದರೆ ಮಾತ್ರ, ‘ಮಿರರ್ ನೋಡು, ಮಿರರ್’ ಎಂದು ಪಾಠಕ್ಕೆ ಮರಳುತ್ತಿದ್ದರು.

ಮಗಳು ಒಂದನೇ ಕ್ಲಾಸಿನಲ್ಲಿದ್ದ ವರ್ಷ, ವಸಂತದಲ್ಲಿ, ನಮ್ಮ ಬಾಗಿಲಿನ ಹಿಡಿಗೆ ಒಂದು ನೋಟಿಸ್ ನೇತುಹಾಕಿ ಹೋಗಿದ್ದರು. ನಮ್ಮ ಬಡಾವಣೆಯ ಹಿಂದಿನ ಓಕ್ ಮರಗಳಿಗೆ ಎಲೆ ತಿನ್ನುವ ಕಂಬಳಿಹುಳು ಬಂದಿದೆ, ವಿಮಾನದಿಂದ ಔಷಧಿ ಸಿಂಪಡಿಸುತ್ತೇವೆ ಎಂದಿತ್ತು. ಮಗಳಿಗೆ ಆಸ್ತಮಾ. ಹಿಂದಿನ ಚಳಿಗಾಲದಲ್ಲಿ ಎರಡು ಸಲ ಆಸ್ಪತ್ರೆಗೆ ಸೇರಿಸಿದ್ದೆವು. ನೋಟಿಸನ್ನು ಮನೆಯವರ ಮುಂದಿಟ್ಟೆ.

‘ಎರಡು ಗಂಟೆ ಕಿಟಕಿ ಬಾಗಿಲು ಹಾಕ್ಕೊಂಡಿದ್ರೆ ಸಾಕಂತೆ. ಲೆಟರ್‌ನಲ್ಲೇ ಇದೆಯಲ್ಲ, ಸುಮ್ನೆ ಯಾಕೆ ಟೆನ್ಷನ್ ಮಾಡ್ಕೋತೀಯ?’ ಎಂದರು ಮನೆಯವರು.

‘ಬರೆದೋರೇನು ಅವಳ ಪಕ್ಕದಲ್ಲಿ ಕೂತಿರ್ತಾರಾ?’ ಎಂದು ನಾನು ಆ ಕಾಗದ ಹಿಡಿದು ಪಕ್ಕದ ಮನೆಗೆ ನಡೆದೆ.

ಅಂಕಲ್ ಅದನ್ನು ಎರಡು ಸಲ ಓದಿದರು. ಸಮಾಧಾನದ ಮಾತು ಏನೂ ಹೇಳಲಿಲ್ಲ. ‘ಗುರುವಾರ ಇದರ ಬಗ್ಗೆ ಸಭೆ ಇದೆಯಂತೆ. ಹೋಗೋಣ, ನೀನೇ ಡ್ರೈವ್ ಮಾಡು’ ಎಂದರು.

ಸಭೆಯಲ್ಲಿ ಮೂವತ್ತು ನಲವತ್ತು ಜನರಿದ್ದರು. ಇದು ಹಿಂದಿನ ಕಾಲದ ವಿಷವಲ್ಲ, ಹುಳುವಿನ ಹೊಟ್ಟೆಯನ್ನು ಮಾತ್ರ ಕೆಡಿಸುವ ಬ್ಯಾಕ್ಟೀರಿಯಾ ಎಂದು ಅಧಿಕಾರಿ ತಾಳ್ಮೆಯಿಂದ ವಿವರಿಸಿದರು. ಅಂಕಲ್ ಎದ್ದು ಕೇಳಿದ್ದು ಒಂದೇ ಪ್ರಶ್ನೆ. ‘ಆಟದ ಮೈದಾನದ ಮೇಲೆ ಬಂದಾಗ ಔಷಧಿಯ ವಾಲ್ವ್ ಮುಚ್ಚೋರು ಯಾರು? ಮುಚ್ಚಿದ್ರು ಅಂತ ನೋಡೋರು ಯಾರು?’

ಕಂಪ್ಯೂಟರೇ ಮುಚ್ಚುತ್ತದೆ, ಪೈಲಟ್ ಕೂಡ ನೋಡಿಕೊಳ್ಳುತ್ತಾನೆ ಎಂದರು ಅಧಿಕಾರಿ.

‘ನಮ್ಮ ಕಾಲದಲ್ಲೂ ಪೈಲಟ್ ಮುಚ್ತಾನೆ ಅಂತಲೇ ಜನಕ್ಕೆ ಹೇಳಿದ್ರು. ಆ ಪೈಲಟ್ ನಾನೇ’ ಎಂದರು ಅಂಕಲ್.

ಅಷ್ಟು ಜನರ ಮುಂದೆ, ಕುರ್ಚಿಯ ಬೆನ್ನು ಹಿಡಿದು ನಿಂತು ಅವರು ಹೇಳಿದ್ದನ್ನು ನಾನೂ ಅಂದೇ ಮೊದಲು ಕೇಳಿದ್ದು. ಆಗ ಹೊಡೆಯುತ್ತಿದ್ದದ್ದು ಎಣ್ಣೆಯಲ್ಲಿ ಕರಗಿಸಿದ ಡಿಡಿಟಿ. ಒಂದು ಬೆಳಿಗ್ಗೆ ಹೊಳೆ ದಾಟುವಾಗ ಅವರು ವಾಲ್ವ್ ಮುಚ್ಚುವುದು ತಡವಾಯಿತು. ಎದುರಿಗೆ ಗುಡ್ಡವಿತ್ತು, ಗಮನ ಅದರ ಮೇಲಿತ್ತು. ಎರಡು ಸೆಕೆಂಡ್ ಇರಬಹುದು. ಮೂರು ದಿನ ಬಿಟ್ಟು ರಜೆಯಲ್ಲಿ ಅದೇ ಹೊಳೆಗೆ ಮೀನು ಹಿಡಿಯಲು ಹೋದರೆ, ಮೀನುಗಳು ಹೊಟ್ಟೆ ಮೇಲಾಗಿ ದಡಕ್ಕೆ ಬಂದು ಬಿದ್ದಿದ್ದವು... ಕೆಳಗಿನ ಹಳ್ಳಿಯವರು ಕುಡಿಯುತ್ತಿದ್ದದ್ದೂ ಆ ನೀರನ್ನೇ.

ಮನೆಗೆ ಮರಳುವಾಗ ಉಳಿದದ್ದನ್ನು ಹೇಳಿದರು. ಎಲ್ಲ ಪೈಲಟ್‌ಗಳೂ ನಿಯಮ ಪಾಲಿಸಿದ್ದಾರೆಂದು ವರದಿ ಆಗಲೇ ಹೋಗಿತ್ತು. ಅವರು ಕಂಪನಿಯ ಆಫೀಸಿಗೆ ಹೋಗಿ, ತಪ್ಪು ತನ್ನದು, ಹಳ್ಳಿಯವರಿಗೆ ತಿಳಿಸಿ ಎಂದರು. ಯಾರೂ ಕೇಳಿಲ್ಲ, ನೀನೇಕೆ ಹೇಳುತ್ತೀಯ ಎಂದು ಗದರಿ ಕಳಿಸಿದರಂತೆ. ಆಗ ತಾವೇ ಆ ಹಳ್ಳಿಗೆ ಹೋಗಿ, ಮನೆಮನೆಯ ಬಾಗಿಲು ತಟ್ಟಿ ಹೇಳಿದರು. ಜೊತೆಯಲ್ಲಿ ಹಾರುತ್ತಿದ್ದ ಇಬ್ಬರೂ ಮಾತು ಬಿಟ್ಟರು. ಮುಂದಿನ ಬೇಸಿಗೆಗೆ ಯಾರೂ ಕರೆಯಲಿಲ್ಲ. ಡೆಟ್ರಾಯಿಟ್‌ಗೆ ಬಂದು ವಿಮಾನ ರಿಪೇರಿಯ ಕೆಲಸಕ್ಕೆ ಸೇರಿ, ಅಲ್ಲೇ ರಿಟೈರ್ ಆದರು.

‘ಹೇಳಬಾರದಿತ್ತು ಅಂತ ಯಾವಾಗಾದ್ರೂ ಅನ್ನಿಸಿದೆಯಾ ಅಂಕಲ್?’ ಎಂದು ಕೇಳಿದೆ.

‘ಹಾರೋದು ತಪ್ಪಿಹೋಯ್ತಲ್ಲ ಅಂತ ಪ್ರತಿ ದಿನ ಅನ್ನಿಸಿದೆ. ಹೇಳಬಾರದಿತ್ತು ಅಂತ ಒಂದು ದಿನವೂ ಅನ್ನಿಸಿಲ್ಲ.’

ಸಿಂಪಡಣೆಯ ದಿನ ಬೆಳಿಗ್ಗೆ ಐದಕ್ಕೇ ಬಂದು ನಮ್ಮ ಕಿಟಕಿಗಳ ಕೆಳಗೆ, ಮೆಟ್ಟಿಲ ಮೇಲೆ, ಹಿತ್ತಲ ಉಯ್ಯಾಲೆಯ ಮೇಲೆ ಹೊಳಪಿನ ಕಾರ್ಡುಗಳನ್ನಿಟ್ಟರು. ಹನಿ ಎಲ್ಲಿ ಬಿತ್ತೆಂದು ನೋಡಲು ಅವರ ಕಾಲದಲ್ಲಿ ಮಾಡುತ್ತಿದ್ದದ್ದು ಹಾಗೆಯೇ. ಹಳದಿ ಬಣ್ಣದ ಪುಟ್ಟ ವಿಮಾನ ಓಕ್ ಮರಗಳ ಮೇಲೆ ನಾಲ್ಕು ಸಲ ಹಾದುಹೋಯಿತು. ಮಗಳು ಕಿಟಕಿಯ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಳು. ಎರಡು ಗಂಟೆ ಕಳೆದ ಮೇಲೆ ಅಂಕಲ್ ಭೂತಗನ್ನಡಿ ಹಿಡಿದು ಒಂದೊಂದೇ ಕಾರ್ಡ್ ನೋಡಿದರು.

‘ಮನೆ ಹತ್ತಿರ ಏನೂ ಇಲ್ಲ. ಉಯ್ಯಾಲೆ ಮೇಲೆ ಮೂರು ಹನಿ ಇದೆ. ನಾನು ತೊಳೀತೀನಿ, ಆಮೇಲೆ ಅವಳನ್ನ ಬಿಡು’ ಎಂದರು.

ಏನೂ ಬಿದ್ದಿಲ್ಲ ಎಂದುಬಿಟ್ಟಿದ್ದರೂ ನಾನು ನಂಬುತ್ತಿದ್ದೆ. ಆ ಮೂರು ಹನಿಯನ್ನು ಅವರು ಮುಚ್ಚಿಡಲಿಲ್ಲ. ಆ ದಿನದಿಂದ ಈ ದೇಶದಲ್ಲಿ ಅವರ ಮಾತಿನಷ್ಟು ಇನ್ಯಾರ ಮಾತನ್ನೂ ನಾನು ನಂಬಿಲ್ಲ. ಮಗಳಿಗೆ ಏನೂ ಆಗಲಿಲ್ಲ. ಮುಂದಿನ ವರ್ಷದ ಚಳಿಗಾಲದಲ್ಲಿ ಅಂಕಲ್ ನಿದ್ದೆಯಲ್ಲೇ ಹೋದರು. ಅವರ ಮಗಳು ಮನೆ ಮಾರಿದಳು. ಹೊಸಬರು ಒಳ್ಳೆಯವರು, ಆದರೆ ಗರಾಜಿನ ಬಾಗಿಲು ತೆರೆಯುವುದೇ ಅಪರೂಪ...

ಹ್ಯಾಂಗರಿನ ಕೊನೆಯಲ್ಲಿ ಅಂಥದ್ದೇ ಬಾಂಬರ್ ನಿಂತಿತ್ತು. ಪಕ್ಕದ ಫಲಕದಲ್ಲಿ ಯುದ್ಧದ ಕತೆಯಿತ್ತು, ಕಾಡಿನ ಮಾತು ಒಂದು ಸಾಲೂ ಇರಲಿಲ್ಲ. ಈಗ ಹದಿನಾರು ತುಂಬಿದ ಮಗಳಿಗೆ, ಅಂಕಲ್ ಹಾರಿಸುತ್ತಿದ್ದದ್ದು ಇದನ್ನೇ ಎಂದೆ. ಅವಳು ಪೈಲಟ್ ಕೂರುವ ಕಾಕ್‌ಪಿಟ್ಟನ್ನೇ ನೋಡುತ್ತಾ, ‘ಐ ಕಾಂಟ್ ರಿಮೆಂಬರ್ ಹಿಸ್ ಫೇಸ್, ಅಮ್ಮಾ’ ಎಂದಳು.

ತೋರಿಸೋಣವೆಂದು ಫೋನ್ ತೆಗೆದೆ. ಇಷ್ಟು ವರ್ಷಗಳ ಸಾವಿರಾರು ಫೋಟೊಗಳಲ್ಲಿ ಅವರದು ಒಂದೂ ಇಲ್ಲ. ತೆಗೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಪ್ಲೇನ್‌ಫೀಲ್ಡ್‌ಗೆ ವಾಪಸ್ ಡ್ರೈವ್ ಮಾಡುತ್ತಾ ದಾರಿಯುದ್ದಕ್ಕೂ ಅವರು ಹೇಗಿದ್ದರೆಂದು ಅವಳಿಗೆ ಹೇಳುತ್ತಾ ಬಂದೆ. ಎತ್ತರ, ಬಾಗಿದ ಎಡ ಭುಜ, ಕಿವಿಯ ಮೇಲಿನ ಬಿಳಿ ಕೂದಲು. ಕಣ್ಣು ಯಾವ ಬಣ್ಣದ್ದು ಎಂದು ಅವಳು ಕೇಳಿದಳು. ಎಷ್ಟು ಯೋಚಿಸಿದರೂ ನನಗೂ ನೆನಪಾಗಲಿಲ್ಲ.