ಗದ್ದದ ನಡುವಿನ ಬೊಟ್ಟು

ಡಾಕ್ಟರಮ್ಮ ಬೆಳಕಿರುವ ಪುಟ್ಟ ಮಸೂರವನ್ನು ಅಮ್ಮನ ಗದ್ದಕ್ಕೆ ಒತ್ತಿ ಹಿಡಿದು ನೋಡುತ್ತಲೇ ಇದ್ದರು. ಅಲ್ಲಿರುವ ಮೂರು ಹಚ್ಚೆಬೊಟ್ಟುಗಳಲ್ಲಿ ನಡುವಿನದು ಉಬ್ಬಿದಂತಿತ್ತು. ಈಚೆಗೆ ಉಬ್ಬಿತೋ, ಮೊದಲಿಂದ ಹಾಗೇ ಇತ್ತೋ, ದಿನವೂ ನೋಡುವ ನನಗೇ ಖಚಿತವಿರಲಿಲ್ಲ. ಕ್ಯಾನ್ಸರ್ ಇರಬಹುದೆಂಬ ಹೆದರಿಕೆಯಲ್ಲಿ ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ಕರೆತಂದಿದ್ದೆ.

ಮಸೂರಕ್ಕೆ ಜೋಡಿಸಿದ್ದ ಪರದೆಯ ಮೇಲೆ ಅಮ್ಮನ ಗದ್ದ ಕೆರೆಯಷ್ಟು ಅಗಲವಾಯಿತು. ಪಕ್ಕದ ಎರಡು ಬೊಟ್ಟುಗಳು ನೀರಿಗೆ ಬಿದ್ದ ಶಾಯಿಯಂತೆ ನೀಲಿಯಾಗಿ ಹರಡಿದ್ದವು. ನಡುವಿನದರೊಳಗೆ ಮಾತ್ರ ರಾಗಿಕಾಳಿನಂಥ ಕಂದು ಉಂಡೆಗಳು ಒಂದೇ ಸಮನಾಗಿ, ಒತ್ತೊತ್ತಾಗಿ ಮಲಗಿದ್ದವು.

“ಇವೆರಡೇ ಹಚ್ಚೆ ಅವ್ವಾ. ಇದು ನಿನ್ನ ಸ್ವಂತ ಮಚ್ಚೆ, ಕ್ಯಾನ್ಸರಲ್ಲ. ಭಯಂ ಲೇದು, ಹೆದರಬೇಡ,” ಎಂದರು ಡಾಕ್ಟರಮ್ಮ.

ನನಗೆ ಉಸಿರು ಬಂತು. ಅಮ್ಮನಿಗೆ ಸಿಟ್ಟು ಬಂತು. “ಚುಚ್ಚಿಸ್ಕೊಂಡೋಳು ನಾನಾ, ನೀನಾ ತಾಯಿ? ಹಚ್ಚೆ ಹಾಕೋಳು ಮೂರಕ್ಕೂ ಸೂಜಿ ಇಟ್ಲು, ಮೂರಕ್ಕೂ ಕಿರುಚ್ಕೊಂಡಿವ್ನಿ ಕಣಮ್ಮ!”

ಬಸ್ಸಿನಲ್ಲಿ ಅಮ್ಮ ನನ್ನ ಹೆಗಲಿಗೊರಗಿ ನಿದ್ದೆಹೋದಳು. ಚುಚ್ಚದ ಸೂಜಿಯ ನೋವು ಅವಳಲ್ಲಿ ಇಷ್ಟು ವರ್ಷ ಉಳಿದಿದೆ. ಚಿಕ್ಕವಳಿದ್ದಾಗ ಅತ್ತೆನೆಂದು ನಾನು ಹೇಳುತ್ತ ಬಂದಿರುವ ಅಳುಗಳಲ್ಲಿ ಎಷ್ಟು ನಿಜವೋ, ಈಗ ಆಣೆಯಿಟ್ಟು ಹೇಳಲಾರೆ.