ಅತ್ತೆಯ ಕಾರಿನ ತೊಟ್ಟಿಲು

ನಮ್ಮ ಬೀದಿಯಲ್ಲಿ ಅಪ್ಪನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವರು ಕಿವಿ ಮೇಸ್ತ್ರಿ. ಕಿವಿ ಮೊರದಷ್ಟು ಅಗಲವಿದೆ ಎಂದಲ್ಲ, ನಲವತ್ತು ವರ್ಷದಿಂದ ಹಳೆಯ ಕಾರುಗಳ ಕಬ್ಬಿಣವನ್ನು ಕಿವಿಯಿಂದಲೇ ಪರೀಕ್ಷೆ ಮಾಡುತ್ತ ಬಂದವರು ಅಂತ. ಕಾರಿನಿಂದ ಬಿಚ್ಚಿದ ಭಾಗವನ್ನು ಸರಪಳಿಗೆ ನೇತುಹಾಕಿ, ಹಿಡಿ ಸವೆದ ಸಣ್ಣ ಸುತ್ತಿಗೆಯಿಂದ ಒಂದೇ ಏಟು. ಠಣ್ಣೆಂದು ಸದ್ದು ಎಳೆದುಕೊಂಡು ಹೋದರೆ ಕಬ್ಬಿಣ ಗಟ್ಟಿ. ಠಪ್ಪೆಂದು ಅಲ್ಲೇ ಸತ್ತರೆ ಒಳಗೆಲ್ಲೋ ಬಿರುಕು. ಆಮೇಲೆ ಎರಡರಲ್ಲಿ ಒಂದು ಮಾತು: "ರಿಪೇರಿ ಸಾಕು" ಅಥವಾ "ಬದಲಾಯಿಸಿ". ಆ ಮಾತಿನ ಮೇಲೆ ಚೌಕಾಸಿ ಇಲ್ಲ.

ಅವರಿಗೊಂದು ನಿಯಮವಿತ್ತು, ಕೆಲಸ ಕಲಿಸಿದ ಗುರುವಿನಿಂದ ಬಂದದ್ದು. ಮಾತು ಹೇಳಿದವನು ಮುಂದಿನ ಸೀಟಿನಲ್ಲಿ ಕೂರಬೇಕು. ಕಾರು ಸಿದ್ಧವಾದ ಮೇಲೆ ಅದರ ಒಡೆಯನ ಪಕ್ಕದಲ್ಲಿ ಕೂತು, ನಮ್ಮ ಶೆಡ್ಡಿನ ಮುಂದಿನ ಕಡಿದಾದ ಇಳಿಜಾರಿನಲ್ಲಿ ಇಳಿದು, ಮೂರು ಸಲ ಜೋರಾಗಿ ಬ್ರೇಕ್ ಹಾಕಿಸಿ, ನಡೆದುಕೊಂಡು ಹತ್ತಿ ಬರುತ್ತಿದ್ದರು. ಇಳಿಜಾರಿನ ಕೊನೆಗೆ ಒಂದು ಕಲ್ಲಿನ ಗೋಡೆ ಇದೆ. ಅಮ್ಮ ಪ್ರತಿ ಸಲವೂ ಅವರು ಹತ್ತಿ ಬರುವ ತನಕ ಕಿಟಕಿ ಬಿಟ್ಟು ಅಲ್ಲಾಡುತ್ತಿರಲಿಲ್ಲ.

ಒಂಬತ್ತು ವರ್ಷದಿಂದ ಮಗಳಾದ ನಾನು ಅವರ ಜೊತೆ ಕೆಲಸ ಮಾಡುತ್ತಿದ್ದೇನೆ. ಬಿಚ್ಚುವುದು, ಉಜ್ಜುವುದು, ಜೋಡಿಸುವುದು ನನ್ನ ಪಾಲು. ವೆಲ್ಡಿಂಗ್ ಮತ್ತು ಸುತ್ತಿಗೆ ಅವರದು. ಕೋಪ ಇಬ್ಬರಿಗೂ ಮೂಗಿನ ತುದಿಯಲ್ಲೇ. ಅದರಲ್ಲೂ ಎರಡು ವರ್ಷದಿಂದ ಅವರದೊಂದು ಹೊಸ ಚಾಳಿ ನನಗೆ ಮೈ ಉರಿಸುತ್ತಿತ್ತು. ಸುತ್ತಿಗೆ ಹೊಡೆಯುವಾಗ ಕಬ್ಬಿಣದ ಕಡೆ ನೋಡದೆ, ಸರಪಳಿ ಹಿಡಿದು ಎದುರಿಗೆ ನಿಂತ ನನ್ನ ಮುಖವನ್ನೇ ದುರುಗುಟ್ಟಿ ನೋಡುವುದು.

"ಬಿರುಕು ಬಿಟ್ಟಿರೋದು ಕಬ್ಬಿಣ ಅಪ್ಪ, ನಾನಲ್ಲ" ಎಂದು ಒಮ್ಮೆ ರೇಗಿದ್ದೆ.

"ಬಾಯಿ ಮುಚ್ಕೊಂಡು ನೆಟ್ಟಗೆ ನಿಂತ್ಕೋ" ಎಂದಿದ್ದರು.

ಹೋದ ವರ್ಷ ನಾನು ಕಾಲು ಮುರಿದುಕೊಂಡು ಮೂರು ತಿಂಗಳು ಮಂಚ ಹಿಡಿದೆ. ಆ ಮೂರು ತಿಂಗಳು ಅಪ್ಪ ಬಂದವರಿಗೆಲ್ಲ "ಬದಲಾಯಿಸಿ" ಎಂದೇ ಹೇಳಿ ಕಳಿಸಿದರಂತೆ. ಮೇಸ್ತ್ರಿಗೆ ವಯಸ್ಸಾಯಿತು, ಮೈಗಳ್ಳತನ ಶುರುವಾಯಿತು ಎಂದು ಜನ ಆಡಿಕೊಂಡರು. ನಾನೂ ಹಾಗೇ ಅಂದುಕೊಂಡೆ. ಮನೆಯಲ್ಲಿ ರಿಪೇರಿ ಆದದ್ದು ನನ್ನ ಕಾಲು ಒಂದೇ ಎಂದು ನಕ್ಕಿದ್ದೂ ಉಂಟು.

ಈಗ ಅತ್ತೆಯ ಕಾರಿನ ವಿಷಯಕ್ಕೆ ಬರುತ್ತೇನೆ. ಅತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ, ಆಸ್ಪತ್ರೆಯಲ್ಲಿ ನರ್ಸ್. ಅವಳು ಓಡಿಸುವುದು ತಾತ ಬಿಟ್ಟುಹೋದ ಹಳೆಯ ಕಾರು. ಪ್ರತಿದಿನ ಬೆಳಿಗ್ಗೆ ಇಬ್ಬರು ಗೆಳತಿಯರನ್ನು ಹತ್ತಿಸಿಕೊಂಡು ಅದೇ ಇಳಿಜಾರಿನಲ್ಲಿ ಡ್ಯೂಟಿಗೆ ಇಳಿಯುತ್ತಾಳೆ. ಬ್ರೇಕ್ ಹಾಕಿದರೆ ಕಟಕ್ ಎನ್ನುತ್ತದೆ, ಸ್ಟೀರಿಂಗ್ ಎಡಕ್ಕೆ ಎಳೆಯುತ್ತದೆ ಎಂದು ಒಂದು ಬೆಳಿಗ್ಗೆ ತಂದು ನಿಲ್ಲಿಸಿದಳು.

ಕೆಳಗೆ ಮಲಗಿ ನೋಡಿದರೆ ಸಬ್‌ಫ್ರೇಮ್ ಬಿರುಕು ಬಿಟ್ಟಿತ್ತು. ಎಂಜಿನ್ನನ್ನೂ ಮುಂದಿನ ಎರಡು ಚಕ್ರಗಳನ್ನೂ ಹೊತ್ತುಕೊಂಡಿರುವ ಕಬ್ಬಿಣದ ಚೌಕಟ್ಟು ಅದು. ನಮ್ಮ ಶೆಡ್ಡಿನಲ್ಲಿ ಅದನ್ನು ತೊಟ್ಟಿಲು ಎನ್ನುತ್ತೇವೆ. ಎಡಗಡೆ ಬೋಲ್ಟಿನ ತೂತಿನಿಂದ ಹೊರಟ ಬಿರುಕು ಕಿರುಬೆರಳಷ್ಟು ಉದ್ದವಿತ್ತು. ಅದು ಬಿಟ್ಟುಕೊಂಡರೆ ಚಕ್ರ ಒಂದು ದಿಕ್ಕಿಗೆ, ಕಾರು ಇನ್ನೊಂದು ದಿಕ್ಕಿಗೆ. ಹಿಂದಿನ ದಿನ ಅತ್ತೆ ಇದರಲ್ಲೇ ಗೋಡೆಯ ಪಕ್ಕದಲ್ಲಿ ತಿರುಗಿಸಿಕೊಂಡು ಹೋಗಿದ್ದಳು.

"ಹಳೇ ಸಾಮಾನಿನ ಅಂಗಡೀಲಿ ಇದೇ ಕಾರಿನ ತೊಟ್ಟಿಲು ಒಂದಿದೆ. ಹಿಂದಿನಿಂದ ಗುದ್ದಿಸಿಕೊಂಡ ಗಾಡಿ, ಮುಂದುಗಡೆ ಏನೂ ಆಗಿಲ್ಲ. ಬದಲಾಯಿಸಿಬಿಡೋಣ" ಎಂದೆ.

ಅತ್ತೆಯ ಮುಖ ಸಣ್ಣದಾಯಿತು. "ಅಣ್ಣ, ಎಂಜಿನ್ ಬದಲಾಯಿಸ್ದೆ, ಬಾಗಿಲು ಬದಲಾಯಿಸ್ದೆ, ಸೀಟೂ ಹೋಯ್ತು. ಅಪ್ಪ ಕೈಯಾರೆ ಬಣ್ಣ ಬಳಿದಿದ್ರಲ್ಲಿ ಉಳಿದಿರೋದು ಇದೊಂದೇ. ಇದನ್ನೂ ಕಿತ್ತುಹಾಕಿದ್ರೆ ಆಮೇಲೆ ಇದು ಅಪ್ಪನ ಕಾರು ಹೇಗಾಗುತ್ತೆ? ನಿನ್ನ ಕೈಲಿ ಆಗೋದಾದ್ರೆ ರಿಪೇರಿ ಮಾಡಿಕೊಡು. ಆಗಲ್ಲ ಅಂದ್ರೆ ಬೇಡ."

ಅಪ್ಪ ತಂಗಿಗೆ ಇಲ್ಲ ಎಂದದ್ದನ್ನು ನಾನು ಕಂಡಿಲ್ಲ. ತೊಟ್ಟಿಲು ಇಳಿಸಿದೆವು. ಬಿರುಕು ಮುಂದಕ್ಕೆ ಓಡದಂತೆ ಅದರ ತುದಿಗೆ ಸಣ್ಣ ತೂತು ಕೊರೆದು, ಉದ್ದಕ್ಕೂ ಕೆತ್ತಿ, ಅಪ್ಪ ನಿಧಾನವಾಗಿ ವೆಲ್ಡ್ ಮಾಡಿದರು. ಆರಿದ ಮೇಲೆ ನಾನು ಕಿಡಿ ತಾಗದಂತೆ ಮುಖಕ್ಕೆ ಮಬ್ಬು ಕಪ್ಪು ಗಾಜಿನ ಗುರಾಣಿ ಇಳಿಸಿಕೊಂಡು ಅದನ್ನು ಉಜ್ಜಿ ಸಮ ಮಾಡಿದೆ. ಅಪ್ಪನಿಗೆ ಎಂದೂ ಇಲ್ಲದ ಅವಸರ. ನಾನು ಗುರಾಣಿ ಎತ್ತುವ ಮೊದಲೇ ತೊಟ್ಟಿಲನ್ನು ಸರಪಳಿಗೆ ಹಾಕಿ, "ಹಿಡ್ಕೋ" ಎಂದು ಸುತ್ತಿಗೆ ಬೀಸಿದರು.

ಠಪ್.

ನನಗೆ ಸ್ಪಷ್ಟವಾಗಿ ಕೇಳಿಸಿತು. ಸದ್ದು ಎಳೆಯಲಿಲ್ಲ, ಒದ್ದೆ ಹಲಗೆಗೆ ಬಡಿದ ಹಾಗೆ ಅಲ್ಲೇ ಮುಗಿಯಿತು. ಕಣ್ಣಿಗೆ ಕಂಡ ಬಿರುಕು ಮುಚ್ಚಿದ್ದರೂ ಕಾಣದ ಇನ್ನೊಂದು ಒಳಗೆ ಕೂತಿತ್ತು. ಅಪ್ಪ ಇನ್ನೇನು ಬೈಯುತ್ತಾರೆ ಎಂದುಕೊಂಡೆ. ಅವರು ಒಂದು ಸಲ ನನ್ನ ಕಡೆ ನೋಡಿದರು, ಆಮೇಲೆ ತಿರುಗಿ ಅತ್ತೆಯ ಕಡೆ ನೋಡಿದರು. ಅವಳು ಎರಡೂ ಕೈ ಜೋಡಿಸಿಕೊಂಡು ನಗುತ್ತಿದ್ದಳು.

"ರಿಪೇರಿ ಸಾಕು" ಎಂದರು ಅಪ್ಪ ತಂಗಿಗೆ. "ಊಟ ಮಾಡಿ ಬಂದು ಜೋಡಿಸೋಣ. ನಾನೂ ನೀನೂ ಇಳಿಜಾರು ಇಳಿಯೋಣ."

ನಾನು ಗುರಾಣಿ ಎತ್ತಿದೆ. ಏನೆಂದು ಹೇಳಲಿ? ಕಿವಿ ಮೇಸ್ತ್ರಿಗೆ ಕಿವಿ ಕೇಳಿಸುವುದಿಲ್ಲ ಎಂದೇ? ಅದೂ ಅವರ ತಂಗಿಯ ಎದುರಿಗೆ? ಆ ಹೆಸರೊಂದನ್ನು ಬಿಟ್ಟರೆ ಅವರು ಸಂಪಾದಿಸಿದ್ದು ಬೇರೆ ಇಲ್ಲ. ಹೇಳದಿದ್ದರೆ ಸಂಜೆ ಇಬ್ಬರೂ ಕಾರಿನಲ್ಲಿ ಕೂರುತ್ತಾರೆ. ನಾಳೆ ಬೆಳಿಗ್ಗೆ ಅತ್ತೆ, ಅವಳ ಜೊತೆ ಏನೂ ಅರಿಯದ ಇನ್ನಿಬ್ಬರು.

ಒಳಗೆ ಅಣ್ಣ ತಂಗಿ ಊಟಕ್ಕೆ ಕೂತು ಹಳೆಯದನ್ನೆಲ್ಲ ನೆನೆದು ನಗುತ್ತಿದ್ದರು. ನಾನು ಅನ್ನವನ್ನು ತಟ್ಟೆಯ ಅಂಚಿಗೆ ತಳ್ಳುತ್ತ ಕೂತಿದ್ದೆ. "ಯಾಕೆ, ಹುಷಾರಿಲ್ವಾ?" ಎಂದು ಅಮ್ಮ ಹಣೆ ಮುಟ್ಟಿ ನೋಡಿದಳು. ಸೆಖೆ ಎಂದು ಸುಳ್ಳು ಹೇಳಿ ಎದ್ದು ಶೆಡ್ಡಿಗೆ ಬಂದೆ.

ನನ್ನ ಕಿವಿಯೇ ಸುಳ್ಳು ಹೇಳಿರಲಿ ಎಂದು ಬೇಡಿಕೊಳ್ಳುತ್ತ ಸೀಮೆಎಣ್ಣೆಯ ಡಬ್ಬಿ ತೆಗೆದೆ. ತೊಟ್ಟಿಲಿನ ಎಡತೋಳಿಗೆ ಬ್ರಷ್ಷಿನಿಂದ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಚೆನ್ನಾಗಿ ಒರೆಸಿದೆ. ಅದರ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದೆ. ಬಿರುಕಿದ್ದರೆ ಒಳಗೆ ಸೇರಿಕೊಂಡ ಎಣ್ಣೆ ಮೆಲ್ಲಗೆ ಹೊರಬಂದು ಪುಡಿಯನ್ನು ನೆನೆಸುತ್ತದೆ. ಕಾದೆ. ಏನೂ ಇಲ್ಲ. ಇನ್ನೂ ಕಾದೆ. ಉಸಿರು ಬಿಡಬೇಕೆನ್ನುವಷ್ಟರಲ್ಲಿ ಹೊಸ ವೆಲ್ಡಿನಿಂದ ಒಂದು ಗೇಣು ಆಚೆ, ಕಬ್ಬಿಣ ಮಡಿಸಿದ ಅಂಚಿನಲ್ಲಿ, ಕೂದಲಿನಷ್ಟು ತೆಳ್ಳಗೆ ಒಂದು ಒದ್ದೆ ಗೆರೆ ಮೂಡಿತು. ನೋಡುನೋಡುತ್ತಿದ್ದಂತೆ ಅದು ಬಳಸಿಕೊಂಡು ಕೆಳಗಿನ ಮಗ್ಗುಲಿಗೂ ಹೋಯಿತು. ಮುಕ್ಕಾಲು ತೋಳು ಆಗಲೇ ಕಡಿದುಹೋಗಿತ್ತು.

ಹಿಂದೆ ಚಪ್ಪಲಿಯ ಸದ್ದಾಯಿತು. ಅಪ್ಪ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಗೆರೆಯನ್ನೇ ನೋಡಿದರು. ಬೈಗುಳಕ್ಕೆ ಕಾದು ನಾನು ಕುಗ್ಗಿಹೋಗಿದ್ದೆ.

"ನಿಂಗೆ ಯಾವಾಗ ಗೊತ್ತಾಯ್ತು?" ಎಂದರು.

"ನೀವು ಹೊಡೆದಾಗ್ಲೇ. ಠಪ್ ಅಂತು."

"ಹೇಳ್ಬೇಕು ತಾನೇ?"

"ಹೆದರಿಕೆ ಆಯ್ತು ಅಪ್ಪ."

ಅವರು ಗೆರೆಯಿಂದ ಕಣ್ಣು ಕೀಳದೆ ಹೇಳಿದರು. "ನಂಗೆ ಠಣ್ಣೂ ಕೇಳಿಸಲ್ಲ, ಠಪ್ಪೂ ಕೇಳಿಸಲ್ಲ. ಎರಡು ವರ್ಷ ಆಯ್ತು. ಮಾತು ಕೇಳಿಸುತ್ತೆ, ಕಬ್ಬಿಣ ಕೇಳಿಸಲ್ಲ. ಸದ್ದು ಸತ್ರೆ ನಿನ್ನ ಹುಬ್ಬು ಗಂಟಾಗುತ್ತೆ. ಅದನ್ನ ನೋಡಿ ಮಾತು ಹೇಳ್ತಿದ್ದೆ. ಇವತ್ತು ನಿನ್ನ ಮುಖದ ಮೇಲೆ ಆ ಕಪ್ಪು ಗಾಜಿತ್ತು."

"ಮತ್ತೆ ಹೇಗೆ ಸಾಕು ಅಂದ್ರಿ?"

"ನಿನ್ನ ಅತ್ತೆ ಮುಖ ನೋಡಿದೆ. ನಗ್ತಿದ್ಲು. ಸರಿ ಇರ್ಬೇಕು ಅಂದ್ಕೊಂಡೆ."

ಅತ್ತೆಗೆ ಕಬ್ಬಿಣದ ಸದ್ದು ಏನು ಗೊತ್ತು? ಕಾರು ಉಳಿಯಲಿ ಎಂಬ ಆಸೆಗೆ ನಕ್ಕಿದ್ದಳು. ಆ ನಗುವಿನ ಮೇಲೆ ನಾಲ್ಕು ಜೀವ ನಿಂತಿದ್ದವು. ಮಂಚ ಹಿಡಿದಿದ್ದ ಮೂರು ತಿಂಗಳು ಥಟ್ಟನೆ ನೆನಪಾಯಿತು. ಆಗ ಎಲ್ಲರಿಗೂ "ಬದಲಾಯಿಸಿ" ಎಂದದ್ದು ಮೈಗಳ್ಳತನಕ್ಕಲ್ಲ, ನೋಡಲು ನನ್ನ ಮುಖ ಇಲ್ಲದ್ದಕ್ಕೆ. ಅದನ್ನು ಹಾಸ್ಯ ಮಾಡಿ ನಕ್ಕಿದ್ದವಳು ನಾನು. ಅಳು ಬಂತು, ಸಿಟ್ಟೂ ಬಂತು.

"ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?" ಎಂದು ಕೂಗಿದೆ.

"ನಿಂಗೆ ಆದ ಹಾಗೇ" ಎಂದರು ಅಪ್ಪ. "ಹೆದರಿಕೆ ಆಯ್ತು." ಮೊಣಕಾಲಿಗೆ ಕೈಯೂರಿ ಎದ್ದು ತಂಗಿಯನ್ನು ಕರೆದರು.

ಅತ್ತೆಗೆ ಅಪ್ಪನೇ ಹೇಳಿದರು, ಒಂದನ್ನೂ ಮುಚ್ಚಿಡದೆ. ಅವಳು ಬಗ್ಗಿ ಒದ್ದೆ ಗೆರೆ ನೋಡಿದಳು, ನಲ್ಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. "ಅಪ್ಪನ ಕಾರು ಅಂತ ಅಪ್ಪನ ಮಗನ್ನೇ ಗೋಡೆಗೆ ಗುದ್ದಿಸ್ತಿದ್ದೆನಲ್ಲೋ" ಎಂದು ಅಣ್ಣನ ತೋಳು ಹಿಡಿದುಕೊಂಡು ನಿಂತಳು. "ಬದಲಾಯಿಸು" ಎಂದಳು.

ಹಳೇ ಸಾಮಾನಿನ ಅಂಗಡಿಯಿಂದ ತೊಟ್ಟಿಲು ಬಂತು. ತುಕ್ಕು ಉಜ್ಜಿ ಸರಪಳಿಗೆ ಹಾಕಿದೆವು. ಅಪ್ಪ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು, ನಾನು ನಿಲ್ಲುತ್ತಿದ್ದ ಕಡೆ ಹೋಗಿ ಸರಪಳಿ ಹಿಡಿದು ನಿಂತರು. ಹಿಡಿ ಅವರ ಬೆರಳುಗಳ ಅಳತೆಗೆ ಸವೆದಿತ್ತು, ನನ್ನ ಕೈಗೆ ಕೂರಲಿಲ್ಲ. ಹೊಡೆದೆ. ಠಣ್ಣೆಂದಿತು, ಶೆಡ್ಡಿನ ತಗಡು ಗುಂಯ್ ಅನ್ನುವಷ್ಟು. ಆದರೂ ನಂಬಿಕೆ ಬರಲಿಲ್ಲ. ಇನ್ನೊಂದು ಕಡೆ ಹೊಡೆದೆ, ಮತ್ತೊಂದು ಕಡೆ ಹೊಡೆದೆ. ಸೀಮೆಎಣ್ಣೆ, ಸುಣ್ಣದ ಪುಡಿ ಎಲ್ಲವನ್ನೂ ಮಾಡಿ ನೋಡಿದೆ. ಅಪ್ಪ ಅವಸರ ಮಾಡಲಿಲ್ಲ. ನಾನು "ಸರಿ ಇದೆ" ಎನ್ನುವ ಹೊತ್ತಿಗೆ ಕತ್ತಲಾಗಿತ್ತು. ಇಷ್ಟು ವರ್ಷ ಅವರು ಆ ಮಾತನ್ನು ಅಷ್ಟು ಗಟ್ಟಿಯಾಗಿ ಹೇಗೆ ಹೇಳುತ್ತಿದ್ದರೋ.

ಮರುದಿನ ಮಧ್ಯಾಹ್ನ ಕಾರು ಸಿದ್ಧವಾಯಿತು. ಮಾತು ಹೇಳಿದವಳು ನಾನು, ಮುಂದಿನ ಸೀಟು ನನ್ನದು. ಕಿಟಕಿಯಲ್ಲಿ ಅಮ್ಮ ನಿಂತಿದ್ದಳು. ಅತ್ತೆ ಎಂಜಿನ್ ಚಾಲೂ ಮಾಡಿ ಬಾಯಲ್ಲಿ ಏನೋ ಮಣಮಣ ಎನ್ನುತ್ತಿದ್ದಳು. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಅಪ್ಪ ಹತ್ತಿ, ನನ್ನ ಬೆನ್ನ ಹಿಂದೆಯೇ ಕೂತರು.

"ನೀವು ಯಾಕೆ? ನಿಯಮ ಇರೋದು ಒಬ್ಬರು ಅಂತ" ಎಂದೆ.

"ಹೋಗೇ, ನಿಯಮ ಕಲಿಸೋಕೆ ಬಂದ್ಲು. ಬಿಡಮ್ಮ ಗಾಡಿ" ಎಂದರು ತಂಗಿಗೆ.

ಕಾರು ಇಳಿಜಾರಿಗೆ ಬಿತ್ತು. ಗೋಡೆ ಎದುರಿನಿಂದ ಬರುತ್ತಿತ್ತು. ನಾನು ಎರಡೂ ಕೈಯಿಂದ ಸೀಟಿನ ಅಂಚು ಹಿಡಿದುಕೊಂಡೆ. ಅತ್ತೆ ಬ್ರೇಕ್ ಒತ್ತಿದಳು. ಕಾರು ಮೂತಿ ತಗ್ಗಿಸಿ, ಎಡಕ್ಕೂ ಬಲಕ್ಕೂ ವಾಲದೆ ನಿಂತಿತು.

ಹಿಂದಿನಿಂದ ಅಪ್ಪನಿಗೆ ನನ್ನ ಮುಖ ಕಾಣುತ್ತಿರಲಿಲ್ಲ.

"ಏನ್ ಕೇಳಿಸ್ತು, ಮಗಳೇ?" ಎಂದು ಕೇಳಿದರು.

"ಏನೂ ಇಲ್ಲ ಅಪ್ಪ" ಎಂದೆ, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ. "ಇನ್ನೂ ಎರಡು ಸಲ ಹಾಕ್ಬೇಕು."