ಮೊಗ್ಗಿನ ಜಡೆಯ ಬಿಗಿ

ಭದ್ರಾವತಿಯ ನನ್ನ ಅಕ್ಕ ಮೊಗ್ಗಿನ ಜಡೆ ಹೊಲಿಯುವುದರಲ್ಲಿ ಎತ್ತಿದ ಕೈ. ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಕನ್ನಡದವರಿರಲಿ, ತಮಿಳರಿರಲಿ, ಯಾರ ಮನೆಯ ಮದುಮಗಳ ಬೆನ್ನ ಮೇಲೂ ಇಳಿಯುತ್ತಿದ್ದುದು ಅವಳು ಹೊಲಿದ ಮಲ್ಲಿಗೆ. ನಾನು ಶಿವಮೊಗ್ಗದ ಗೋಪಾಳದಿಂದ ಬಸ್ಸು ಹತ್ತಿ ಹೋಗಿ, ಪಕ್ಕದಲ್ಲಿ ಕೂತು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮೊಗ್ಗನ್ನು ಒಂದೊಂದೇ ಆರಿಸಿ ಕೊಡುತ್ತಿದ್ದೆ. ಬಾಳೆಪಟ್ಟೆ ಎಷ್ಟು ಅಗಲ ಸೀಳಬೇಕು, ತೊಟ್ಟಿಗೆ ಸೂಜಿ ಎಲ್ಲಿ ಚುಚ್ಚಬೇಕು, ಎಲ್ಲ ನನಗೆ ಬಾಯಿಪಾಠ. ಬೇರೆಯವರ ಜಡೆಯಲ್ಲಿ ತಪ್ಪು ಹುಡುಕುವುದರಲ್ಲಂತೂ ಅಕ್ಕನಿಗಿಂತ ನಾನೇ ಜೋರು.

ಹೋದ ವರ್ಷ ಅಕ್ಕನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಅಷ್ಟರಲ್ಲಿ ಅವಳ ಮೊಮ್ಮಗಳ ಮದುವೆ ಗೊತ್ತಾಗಿತ್ತು. ಊರವರ ಮಕ್ಕಳಿಗೆಲ್ಲ ಹೊಲಿದವಳಿಗೆ, ತನ್ನ ಮೊಮ್ಮಗಳ ತಲೆಗೆ ಅಂಗಡಿಯದು ಏರಬಾರದು ಎಂಬ ಒಂದೇ ಹಟ.

"ನೀನಿದ್ದೀಯಲ್ಲೇ. ನೀನೇ ಹೊಲಿ," ಅಂದಳು.

"ಅದೇನ್ ಮಹಾ, ಹೊಲಿದ್ರಾಯ್ತು," ಅಂದೆ. ಹೊಲಿಯುವ ಕ್ರಮವನ್ನು ಮೊಬೈಲಿನಲ್ಲಿ ಕುಟ್ಟಿ ಕುಟ್ಟಿ ಮನೆಯವರ ಗ್ರೂಪಿಗೂ ಹಾಕಿದೆ. ಎಲ್ಲರೂ ಚಪ್ಪಾಳೆಯ ಚಿತ್ರ ಕಳಿಸಿದರು. ಆಮೇಲೆ ಸೂಜಿ ಹಿಡಿದೆ.

ಎಳೆದರೆ ತೊಟ್ಟು ಕತ್ತರಿಸಿಹೋಯಿತು. ಸಡಿಲ ಬಿಟ್ಟರೆ ಮೊಗ್ಗು ಮುಖ ತಿರುಗಿಸಿಕೊಂಡು ಕೂತಿತು.

"ದಾರ ಎಷ್ಟು ಎಳೀಬೇಕಕ್ಕ?"

"ಸಾಕು ಅನ್ನೋವಷ್ಟು."

"ಸಾಕು ಅಂತ ಯಾರು ಹೇಳ್ತಾರೆ?"

"ಬೆರಳು ಹೇಳತ್ತೆ ಮಾರಾಯ್ತಿ."

"ನನ್ನ ಬೆರಳು ಮೂಗಿ. ಬಾಯಿ ಮಾತ್ರ ಜೋರು."

"ಅದು ಶಿವಮೊಗ್ಗಕ್ಕೇ ಗೊತ್ತು. ಕೊಡಿಲ್ಲಿ!" ಎಂದು ಸೂಜಿ ಕಿತ್ತುಕೊಂಡು ಎಡಗೈಯಲ್ಲಿ ತೋರಿಸಲು ಹೋದಳು. ಆ ಕೈಗೂ ಗೊತ್ತಿರಲಿಲ್ಲ. ಸೂಜಿ ಮಡಿಲಿಗೆ ಬಿತ್ತು. ಇಬ್ಬರೂ ನಕ್ಕೆವು, ಆದರೆ ಅಕ್ಕ ಬೇಗ ನಿಲ್ಲಿಸಿದಳು.

ಮದುವೆಯ ಬೆಳಿಗ್ಗೆ ನಾನು ಹೊಲಿದ ಜಡೆಯನ್ನೇ ಕಟ್ಟಿದರು. ದೂರದಿಂದ ಚೆನ್ನಾಗಿಯೇ ಇತ್ತು. ಹುಡುಗಿ ಅಜ್ಜಿಯ ಕಾಲಿಗೆ ಬಗ್ಗಿದಳು. ಒಂದು ಸಾಲು ಬಿಚ್ಚಿತು, ಅದರ ಹಿಂದೆಯೇ ಇನ್ನೊಂದು. ಮೊಗ್ಗೆಲ್ಲ ಅಕ್ಕನ ಕಾಲ ಮೇಲೆ ಸುರಿಯಿತು. ಮುಹೂರ್ತ ಹತ್ತಿರವಾಗಿತ್ತು. ಅಲಂಕಾರಕ್ಕೆ ಬಂದಿದ್ದ ಪಾರ್ಲರಿನವಳು ಬ್ಯಾಗಿನಿಂದ ಬಟ್ಟೆಹೂವಿನ ಜಡೆ ತೆಗೆದು ಸಿಕ್ಕಿಸಿಯೇ ಬಿಟ್ಟಳು. ಫೋಟೋದವನು ಹುಡುಗಿಯ ಬೆನ್ನ ಹಿಂದೆ ಕನ್ನಡಿ ಹಿಡಿಸಿ ಅದನ್ನೇ ತೆಗೆದ.

ಎಲ್ಲರೂ ಮಂಟಪದ ಕಡೆ ಹೋದ ಮೇಲೆ ಅಕ್ಕ ಅಂದಳು: "ಕೈ ಬಿದ್ದಾಗ ನಾ ಅಳ್ಲಿಲ್ಲ ಕಣೆ. ನಿಂಗೆಲ್ಲ ಗೊತ್ತಿದೆ ಅಂದ್ಕೊಂಡಿದ್ದೆ."

"ನಾನೂ ಹಂಗೇ ಅಂದ್ಕೊಂಡಿದ್ದೆ ಅಕ್ಕ."

ಈಗ ಮತ್ತೆ ಮಲ್ಲಿಗೆ ಕಾಲ. ಮೊಗ್ಗಿನ ಪೊಟ್ಟಣ ಕಟ್ಟಿಸಿಕೊಂಡು ಭದ್ರಾವತಿಗೆ ಹೋಗಿ ಅವಳ ಎದುರು ಕೂತು ಹೊಲಿಯುತ್ತೇನೆ. ಕಣ್ಣು ಮಂಜಾಗಿ ಸೂಜಿ ತಪ್ಪುತ್ತದೆ. ಮೊದಮೊದಲು "ಥೂ, ಬಿಚ್ಚೇ ಅದನ್ನ" ಎಂದು ಬೈಯುತ್ತಿದ್ದಳು. ಈಗ ಎಡಗೈಯಿಂದ ಸಾಲನ್ನು ಮೆಲ್ಲಗೆ ಸವರುತ್ತಾಳೆ. ಅವಳ ಬೆರಳಡಿಯಲ್ಲಿ ಮೊಗ್ಗುಗಳು ಇನ್ನೂ ಸಡಿಲವಾಗಿ ಅಲುಗುವುದು ನನಗೇ ಕಾಣುತ್ತದೆ.

"ಚೆನ್ನಾಗಿದೆ," ಅನ್ನುತ್ತಾಳೆ.